ಹಾಜಬ್ಬಾಕ ಕೊಟ್ಟ ಸರ್ಟಿಫಿಕೇಟು

ಸಿದ್ಧಕಟ್ಟೆಯ ಲತೇಶನಿಗೆ ಮೂವತ್ಮೂರು ತುಂಬುವ ಹೊತ್ತಿಗೆ ಎರಡು ಸಂಗತಿಗಳು ಖಾತ್ರಿಯಾಗಿದ್ದವು. ಒಂದು, ತಾನೊಬ್ಬ ನಟ. ಇನ್ನೊಂದು, ಈ ವಿಷಯ ತನ್ನೊಬ್ಬನಿಗೇ ಗೊತ್ತು. ವಾರವಿಡೀ ಬಿ.ಸಿ.ರೋಡಿನ ಪೈಂಟ್ ಅಂಗಡಿಯಲ್ಲಿ ಬಣ್ಣ ಕಲಸಿ ಕೊಡುವ ಕೆಲಸ; ರಜೆ ಸಿಕ್ಕಿದರೆ, ಹನ್ನೊಂದು ವರ್ಷದಿಂದ, ಒಂದು ಸಣ್ಣ ತುಳು ನಾಟಕ ತಂಡದಲ್ಲಿ ಪಾತ್ರ. ಸಿನಿಮಾದವರಿಗೆ ಫೋಟೊ ಕಳಿಸಿ ಕಳಿಸಿ ಅವನ ಫೋನೇ ಸುಸ್ತಾಗಿತ್ತು. ನೋಡಿದ್ದಾರೆ ಎನ್ನುವುದಕ್ಕೆ ಎರಡು ನೀಲಿ ಗೆರೆ ಬರುತ್ತಿತ್ತು, ಆಮೇಲೆ ಏನೂ ಬರುತ್ತಿರಲಿಲ್ಲ.

"ಏಜೆಂಟ್ ಇಲ್ಲದೆ ಯಾರೂ ಮೂಸಿ ನೋಡುವುದಿಲ್ಲ ಮಾರಾಯ," ಎಂದು ತಂಡದ ಅಜ್ಮಲ್ ಹೇಳಿ, ಮೂಡಬಿದಿರೆಯ ವಿಜೇತಾ ಮೇಡಂ ನಂಬರು ಕೊಟ್ಟ. ತುಳು ಸಿನಿಮಾಕ್ಕೂ ಧಾರಾವಾಹಿಗಳಿಗೂ ಕಲಾವಿದರನ್ನು ಒದಗಿಸುವವರು ಅವರು. ಅವರು ಒಬ್ಬನ ಹೆಸರು ಹೇಳಿದರೆ ನಿರ್ದೇಶಕರು ಎರಡನೇ ಮಾತು ಆಡುವುದಿಲ್ಲವಂತೆ.

ಲತೇಶ ಹೋಗಿ ಕೈಕಟ್ಟಿ ಕುಳಿತ. ಅವನ ವಿಡಿಯೊಗಳನ್ನು ಮೇಡಂ ಅರ್ಧಕ್ಕೇ ನಿಲ್ಲಿಸಿದರು.

"ವಿಡಿಯೊದಲ್ಲಿ ಎಲ್ಲರೂ ಚಂದವೇ. ನಾನು ಹೋದ ವರ್ಷ ಸೇರಿಸಿದ ಒಬ್ಬ ಅರ್ಧ ಶೂಟಿಂಗಿನಲ್ಲಿ ದುಬೈಗೆ ಹಾರಿದ. ಇನ್ನೊಬ್ಬ ಭಾವನ ಹೊಸ ಮನೆಯ ಒಕ್ಕಲು ಅಂತ ಬರಲೇ ಇಲ್ಲ. ಈಗ ನಾನು ಮೊದಲು ಊರಿನಲ್ಲಿ ವಿಚಾರಿಸ್ತೇನೆ. ಮನುಷ್ಯ ಹೇಗೆ, ಆ್ಯಕ್ಟಿಂಗ್ ಹೇಗೆ, ಎರಡೂ ಊರಿನವರ ಬಾಯಲ್ಲೇ ಬರಬೇಕು. ಒಂದು ಸಿನಿಮಾದಲ್ಲಿ ವಿಲನ್‌ನ ತಮ್ಮನ ಪಾತ್ರ ಉಂಟು, ಮಂಗಳವಾರದೊಳಗೆ ಹೆಸರು ಕೊಡಬೇಕು. ಆದರೆ ನೋಡಿ, ನಾನು ಬರುವ ವಿಷಯ ನೀವು ಯಾರಿಗಾದರೂ ಮೊದಲೇ ಹೇಳಿಟ್ಟದ್ದು ಗೊತ್ತಾದರೆ ಅಲ್ಲಿಗೇ ಮುಗೀತು."

ಲತೇಶ ತಲೆಯಾಡಿಸಿ ಬಸ್ಸು ಹತ್ತಿದ. ಸೀಟು ಸಿಕ್ಕಿ ಕುಳಿತ ಮೇಲೆ ಅಂಗಡಿಯ ಹಾಜಬ್ಬಾಕನ ನೆನಪಾಗಿ ಹಣೆ ಚಚ್ಚಿಕೊಂಡ.

ಲತೇಶನ ಮನೆಗೆ ಹೋಗುವ ದಾರಿಯ ಬಾಯಲ್ಲೇ ಹಾಜಬ್ಬನ ದಿನಸಿ ಅಂಗಡಿ. ಊರಿನ ಹುಡುಗರ ಬಗ್ಗೆ ಹೆಣ್ಣಿನ ಕಡೆಯವರು ವಿಚಾರಿಸುವುದು ಅಲ್ಲೇ. ಅದಕ್ಕೊಂದು ಕ್ರಮವಿದೆ. ಯಾರೋ ಇಬ್ಬರು ಗುರುತಿಲ್ಲದವರು ಕಾರಿನಿಂದ ಇಳಿಯುತ್ತಾರೆ, ಬೇಡದ ಸೋಡಾ ಕುಡಿಯುತ್ತಾರೆ, ಮಳೆ ಸೆಖೆ ಎಲ್ಲ ಮಾತಾಡಿ, ಕೊನೆಗೆ "ಇಲ್ಲಿ ಒಬ್ಬ ಇಂಥವ ಇದ್ದಾನಂತಲ್ಲ?" ಎನ್ನುತ್ತಾರೆ. ಹೆಣ್ಣಿನ ಕಡೆಯವರು ಅಂತ ಅವರೂ ಹೇಳುವುದಿಲ್ಲ, ಹಾಜಬ್ಬನೂ ಕೇಳುವುದಿಲ್ಲ. ಅವನು ಕೊಡುವ ಸರ್ಟಿಫಿಕೇಟಿನ ಮೇಲೆ ಎಷ್ಟೋ ಮನೆಗಳಲ್ಲಿ ಚಪ್ಪರ ಎದ್ದಿದೆ.

ಲತೇಶನ ವಿಷಯದಲ್ಲಿ ಮಾತ್ರ ಅದು ಕೈ ಕೊಟ್ಟಿತ್ತು. ಆರು ವರ್ಷದ ಹಿಂದೆ ಅಳದಂಗಡಿ ಕಡೆಯ ಒಂದು ಒಳ್ಳೆಯ ಸಂಬಂಧದವರು ಬಂದಾಗ ಹಾಜಬ್ಬ ಬಾಯಿ ತಪ್ಪಿ "ನಾಟಕ ಸಹ ಮಾಡ್ತಾನೆ" ಎಂದುಬಿಟ್ಟ. ಬಂದವರು ಸೋಡಾ ಅರ್ಧಕ್ಕೇ ಬಿಟ್ಟು ಹೋದರು. ನಾಟಕದವನಿಗೆ ಮಗಳನ್ನು ಕೊಡುವುದಿಲ್ಲವಂತೆ. ಅಂದಿನಿಂದ ಹಾಜಬ್ಬ ಲತೇಶನನ್ನು ರಂಗದ ಕಡೆ ತಲೆಹಾಕಿಯೂ ಮಲಗದವನನ್ನಾಗಿ ಮಾಡಿದ್ದ. ಆಮೇಲೆ ಬಂದ ಆರು ಸಂಬಂಧಗಳು ಬೇರೆ ಬೇರೆ ಕಾರಣಕ್ಕೆ ಮುರಿದುಬಿದ್ದರೂ ಹಾಜಬ್ಬನ ಪಾಠ ಬದಲಾಗಲಿಲ್ಲ.

ಈಗ ಮೇಡಂ ಬಂದರೂ ಕೇಳುವುದು ಅಲ್ಲೇ. ಹೇಳುವ ಹಾಗಿಲ್ಲ, ಹೇಳದೆ ಇರುವ ಹಾಗೂ ಇಲ್ಲ. ಲತೇಶ ಮೂರು ದಿನ ಅಂಗಡಿಯ ಸುತ್ತ ಸುಳಿದಾಡಿದ. ಭಾನುವಾರ ಬೆಳಿಗ್ಗೆ ಗಲ್ಲಾದ ಪಕ್ಕದ ಸ್ಟೂಲಿನಲ್ಲಿ ಕುಳಿತು, "ಹಾಜಬ್ಬಾಕ, ಮನುಷ್ಯ ಯಾವಾಗಲೂ ಸತ್ಯವೇ ಹೇಳಬೇಕಲ್ವಾ?" ಎಂದು ಸುತ್ತಿ ಬಳಸಿ ಶುರುಮಾಡಿದ.

"ವ್ಯಾಪಾರದಲ್ಲಿ ಹೇಳಬೇಕು," ಎಂದ ಹಾಜಬ್ಬ. ಅಷ್ಟರಲ್ಲಿ ಎದುರಿಗೆ ಒಂದು ಬಿಳಿ ಕಾರು ನಿಂತಿತು. ಸೀರೆಯುಟ್ಟ ಒಬ್ಬ ಹೆಂಗಸು, ಜೊತೆಗೆ ನರೆತ ಮೀಸೆಯ ಒಬ್ಬ ಗಂಡಸು. ವಿಜೇತಾ ಮೇಡಂ, ಮತ್ತವರ ಅಣ್ಣ ಸುಧಾಕರ. ಲತೇಶ ಸ್ಟೂಲಿಗೆ ಅಂಟಿಕೊಂಡ. ಹಾಜಬ್ಬನ ಮುಖ ಅರಳಿತು.

"ಏಳು, ಏಳು! ಹೆಣ್ಣಿನ ಕಡೆಯವರು. ಕೆಲಸ ಇಲ್ಲದವನ ಹಾಗೆ ಇಲ್ಲಿ ಕೂತಿದ್ದರೆ ಆಗ್ತದಾ?" ಎಂದು ಅವನ ರಟ್ಟೆ ಹಿಡಿದು ಒಳಕೋಣೆಗೆ ನೂಕಿದ.

ಹೀಗೆ ಲತೇಶ ತನ್ನ ಭವಿಷ್ಯವನ್ನು ದನದ ಹಿಂಡಿಯ ಗೋಣಿಗಳ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತು ಕೇಳುವಂತಾಯಿತು.

ಸೋಡಾ ಆಯಿತು, ಸೆಖೆ ಆಯಿತು. "ಇಲ್ಲಿ ಲತೇಶ್ ಅಂತ ಒಬ್ಬರಿದ್ದಾರಲ್ಲ?" ಎಂದರು ಮೇಡಂ.

"ಲತೇಶನಾ? ಬಂಗಾರದಂಥ ಹುಡುಗ! ಅವ ಪೇಟೆಗೆ ಹೊರಡುವುದು ನೋಡಿ ನಾನು ಗಡಿಯಾರ ಸರಿಮಾಡ್ತೇನೆ. ಕುಡಿತ ಇಲ್ಲ, ಬೀಡಿ ಇಲ್ಲ."

"ಗಲ್ಫಿಗೆ ಹೋಗುವ ಅಂದಾಜು ಏನಾದರೂ?"

"ಪಾಸ್‌ಪೋರ್ಟೇ ಮಾಡಿಸ್ಲಿಲ್ಲ ಅವ!"

ಸುಧಾಕರ ತೃಪ್ತಿಯಿಂದ ಹ್ಞೂಂಗುಟ್ಟಿದ್ದು ಗೋಣಿಯಾಚೆಗೂ ಕೇಳಿಸಿತು. ಲತೇಶನಿಗೆ ಜೀವ ಬಂತು. ಆದರೆ ಮೇಡಂ ಅಲ್ಲಿಗೆ ನಿಲ್ಲಿಸಲಿಲ್ಲ. "ನಾಟಕದಲ್ಲೆಲ್ಲ ಪಾತ್ರ ಮಾಡ್ತಾರಂತಲ್ಲ?"

"ನಾಟಕವಾ! ಯಾರಕ್ಕ ನಿಮಗೆ ಹಾಗೆ ಹೇಳಿದ್ದು?" ಹಾಜಬ್ಬ ನಕ್ಕ. "ಅವನಿಗೆ ಆ್ಯಕ್ಟಿಂಗಿನ ಗಾಳಿಯೂ ತಾಗಿಲ್ಲ. ನಾಲ್ಕು ಜನರ ಎದುರು ನಿಂತರೆ ನಾಲಗೆ ಒಣಗ್ತದೆ."

"ಒಂದು ಸಲವೂ ಮಾಡಿಲ್ವಾ?"

"ಒಂದು ಸಲ ಯಾರೋ ಒತ್ತಾಯದಲ್ಲಿ ಹತ್ತಿಸಿದ್ದರು. ಮಾತೆಲ್ಲ ಮರೆತು ಪರದೆಯ ಹಿಂದೆ ಓಡಿದ. ಜನ ಕೂಗಿದ್ದು ಬಂಟ್ವಾಳಕ್ಕೆ ಕೇಳಿರಬೇಕು."

ಒಳಗಿನಿಂದ ಒಂದು ನರಳಾಟ ಬಂತು.

"ಎಂತ ಅದು?" ಎಂದ ಸುಧಾಕರ.

"ಇಲಿ. ಹಿಂಡಿಗೆ ಬರ್ತದೆ."

"ಮತ್ತೆ ಪೊಲೀಸ್ ಡ್ರೆಸ್ಸಿನಲ್ಲಿ ಅವರ ಫೋಟೊ ನೋಡಿದೆವಲ್ಲ?" ಎಂದರು ಮೇಡಂ.

ಹಾಜಬ್ಬ ಅರೆಕ್ಷಣವೂ ತಡೆಯಲಿಲ್ಲ. "ಅದು ಅವನ ದೊಡ್ಡಪ್ಪನ ಮಗ. ನಿಜವಾದ ಪೊಲೀಸ್. ಒಳ್ಳೆ ಕುಟುಂಬ!"

ಲತೇಶನಿಗೆ ಇನ್ನು ತಡೆಯಲಾಗಲಿಲ್ಲ. ತಲೆತುಂಬ ಹಿಂಡಿಪುಡಿ ಮೆತ್ತಿಕೊಂಡು ಹೊರಗೆ ನುಗ್ಗಿದ. "ಹಾಜಬ್ಬಾಕ, ಸಾಕು ಮಾರಾಯ್ರೆ! ಇವರು ಹೆಣ್ಣಿನ ಕಡೆಯವರಲ್ಲ. ಸಿನಿಮಾದ ಏಜೆಂಟ್! ಆ್ಯಕ್ಟಿಂಗ್ ಬರ್ತದಾ ಅಂತ ಕೇಳ್ಲಿಕ್ಕೆ ಬಂದದ್ದು!"

ಹಾಜಬ್ಬ ಇಬ್ಬರನ್ನೂ ನೋಡಿ, ಲತೇಶನನ್ನೂ ನೋಡಿ, ಟೊಪ್ಪಿ ತೆಗೆದು ತಲೆ ಕೆರೆದುಕೊಂಡ. "ಹಾಗಾದರೆ ಬರ್ತದೆ," ಎಂದ.

ಸುಧಾಕರನಿಗೆ ನಗು ಬಂದು ಸೋಡಾ ಮೂಗಿಗೇರಿತು. ಮೇಡಂ ನಗಲಿಲ್ಲ. ಹೆಗಲಿಗೆ ಬ್ಯಾಗು ಏರಿಸಿಕೊಂಡರು.

"ನೀವು ಹೇಳಿಟ್ಟಿಲ್ಲ ಅಂತ ಗೊತ್ತಾಯ್ತು ಲತೇಶ್, ಅದು ಸರಿ. ಆದರೆ ಇವರು ಈಗ ಬರ್ತದೆ ಅಂದರೆ ನಾನು ಹೇಗೆ ನಂಬುವುದು? ನಾಟಕದ ವಿಷಯ ಸುಳ್ಳಾದರೆ ಗಡಿಯಾರದ ವಿಷಯವೂ ಸುಳ್ಳೇ ಇರಬಹುದು. ನೀವೇ ಏನಾದರೂ ಮಾಡಿ ತೋರಿಸಿ, ಹೋಗಲಿ."

ಲತೇಶ ಬಾಯಿ ತೆರೆದ. ಹನ್ನೊಂದು ವರ್ಷದ ಮಾತುಗಳಲ್ಲಿ ಒಂದೂ ಬರಲಿಲ್ಲ. ಹಾಜಬ್ಬ ಹೇಳಿದ ಹಾಗೆಯೇ ನಾಲಗೆ ಒಣಗಿತ್ತು. ನಾಚಿಕೆಗೂ ಸಿಟ್ಟಿಗೂ ಅವನ ಕಣ್ಣು ತುಂಬಿತು. ಮೇಡಂ ಕಾರಿನತ್ತ ತಿರುಗಿದರು.

"ಅಕ್ಕ, ಒಂದು ನಿಮಿಷ," ಎಂದ ಹಾಜಬ್ಬ. ದನಿಯಲ್ಲಿ ವ್ಯಾಪಾರ ಇರಲಿಲ್ಲ. "ಕೆಟ್ಟ ನಟನಾಗಿದ್ದರೆ ನಾನು ಯಾಕೆ ಮುಚ್ಚಿಡಬೇಕು? ಕೆಟ್ಟದಾಗಿ ಮಾಡುವವ ಮದುವೆಯಾದ ಮೇಲೆ ತಾನಾಗಿಯೇ ಬಿಡ್ತಾನೆ. ಇವ ಬಿಡುವ ಜನ ಅಲ್ಲ. ಅದಕ್ಕೇ ಹೆದರಿ ಸುಳ್ಳು ಹೇಳಿದ್ದು."

ಮೇಡಂ ನಿಂತರು.

"ಬೆಳ್ತಂಗಡಿಯಲ್ಲಿ ಒಂದು ನಾಟಕ ಇತ್ತು. ಇವ ಕಣ್ಣು ಕಾಣದ ಅಪ್ಪ. ಮಗಳ ಮದುವೆ ದಿನ ಅವಳ ಸೀರೆ ಮುಟ್ಟಿ, ಬಣ್ಣ ಯಾವುದು ಮಗಾ ಅಂತ ಕೇಳ್ತಾನೆ. ಅಷ್ಟೇ. ಅವಳು ಹೇಳ್ತಾಳೆ, ಇವ ತಲೆ ಅಲ್ಲಾಡಿಸ್ತಾನೆ. ನನ್ನ ಪಕ್ಕದಲ್ಲಿ ನಮ್ಮ ಸೈನಬ, ಮನೆಯವಳು, ಅಳ್ತಾ ಇದ್ದಳು. ನಾನು ಅವಳಿಗೆ ಬೈದೆ, ನಾನೂ ಅಳ್ತಾ ಇದ್ದೆ." ಹಾಜಬ್ಬ ಲತೇಶನತ್ತ ತಿರುಗಿದ. "ಮರುದಿನ ನೀನು ನೀರುಳ್ಳಿಗೆ ಬಂದಿ. ನಾನು ನಿನ್ನ ಕೈ ಹಿಡಿದು ಪ್ಲಾಸ್ಟಿಕ್ ತೊಟ್ಟೆಯ ಹಿಡಿ ಕೈಗೆ ಇಟ್ಟು, ಮೆಟ್ಟಿಲು ಉಂಟು ಜಾಗ್ರತೆ ಅಂದೆ. ನೆನಪುಂಟಾ?"

ಲತೇಶನಿಗೆ ನೆನಪಿತ್ತು. ಹಾಜಬ್ಬಾಕನಿಗೆ ಅರಳು ಮರಳು ಶುರುವಾಯಿತು ಎಂದು ಅಂದು ಮನೆಯಲ್ಲಿ ಹೇಳಿ ನಕ್ಕಿದ್ದ.

ಹಾಜಬ್ಬ ನಿಲ್ಲಿಸಲಿಲ್ಲ. ಕುಡುಕನ ಪಾತ್ರದಲ್ಲಿ ಎಡವಿದ್ದು ಸಹಜವಾಗಿತ್ತು, ಪೊಲೀಸಿನದ್ದರಲ್ಲಿ ಮಾತು ವೇಗವಾಯಿತು, ವಕೀಲನ ಪಾತ್ರಕ್ಕೆ ಆ ಮೀಸೆ ಬೇಡವಿತ್ತು. ಬಂಟ್ವಾಳದ್ದು, ಮೂಡಬಿದಿರೆಯದ್ದು, ಒಂದೊಂದನ್ನೂ ಬಿಡಿಸಿ ಹೇಳಿದ. ತಂಗಿಯ ಮನೆಗೆ ಹೋಗುವುದು ಎಂದು ಹೇಳಿ ಅವನು ಬೇಗ ಅಂಗಡಿ ಮುಚ್ಚುತ್ತಿದ್ದ ದಿನಗಳವು.

ವಿಜೇತಾ ಮೇಡಂ ಬ್ಯಾಗು ಕೆಳಗಿಟ್ಟು ಕಡೆಯವರೆಗೂ ಕೇಳಿದರು. ಆಮೇಲೆ ಅಲ್ಲಿಂದಲೇ ನಿರ್ದೇಶಕರಿಗೆ ಫೋನು ಮಾಡಿ ಲತೇಶನ ಹೆಸರು ಹೇಳಿದರು. "ಮಂಗಳವಾರ ಒಂಬತ್ತಕ್ಕೆ ನನ್ನ ಆಫೀಸಿಗೆ ಬನ್ನಿ. ಮಾತು ಸ್ವಲ್ಪ ನಿಧಾನ ಇರಲಿ, ಇವರು ಹೇಳಿದ್ದು ಸರಿ," ಎಂದು ಕಾರು ಹತ್ತಿದರು.

ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಲತೇಶ ನಿಂತೇ ಇದ್ದ. ಸಂತೋಷಕ್ಕಿಂತ ಹೆಚ್ಚಾಗಿ ಅವನಿಗೆ ಅಳು ಬರುತ್ತಿತ್ತು. ಹನ್ನೊಂದು ವರ್ಷ ತನ್ನನ್ನು ನೋಡುವವರೇ ಇಲ್ಲವೆಂದು ಅವನು ನಂಬಿದ್ದ.

"ಇಷ್ಟೆಲ್ಲ ನೋಡಿದ್ದೀರಿ. ನನ್ನ ಹತ್ತಿರ ಒಂದು ದಿನವೂ ಯಾಕೆ ಹೇಳಲಿಲ್ಲ ಹಾಜಬ್ಬಾಕ?"

ಹಾಜಬ್ಬ ಸೋಡಾ ಬಾಟಲಿಗಳನ್ನು ಕ್ರೇಟಿಗೆ ಹಾಕುತ್ತ ಹೇಳಿದ: "ನೀನು ಎಲ್ಲಿ ಕೇಳಿದಿ ಮಗಾ? ಕೇಳಿದ್ದು ಹೆಣ್ಣಿನ ಕಡೆಯವರು ಮಾತ್ರ."