ಡಾಕ್ಟರು ಸಾಣೆ ಹಿಡಿದ ವೆಡ್ಜ್

ನಾನು ಒಂದು ವೆಡ್ಜ್. ಗಾಲ್ಫ್ ಚೀಲದಲ್ಲಿ ಗಿಡ್ಡ ಮೈಯ, ದಪ್ಪ ತಲೆಯ ಕೋಲು ಯಾವುದೆಂದು ಹುಡುಕಿದರೆ ಕೈಗೆ ಸಿಗುವುದು ನಾನೇ. ಚೆಂಡನ್ನು ಕಣ್ಣಿಗೆ ಕಾಣದಷ್ಟು ದೂರ ಅಟ್ಟುವ ಉದ್ದ ಕೋಲುಗಳಿಗೆ ಸಿಗುವ ಚಪ್ಪಾಳೆ ನನಗೆ ಸಿಗುವುದಿಲ್ಲ. ಆದರೆ ಅವು ಅಟ್ಟಿದ ಚೆಂಡು ಮರಳಿನ ಗುಂಡಿಗೆ ಬಿತ್ತೆಂದರೆ ನನ್ನನ್ನೇ ಕರೆಯಬೇಕು. ಆ ಗುಂಡಿಗೆ ಬಂಕರ್ ಎನ್ನುತ್ತಾರೆ. ಹೊಗಳಿಕೆಯೆಲ್ಲ ಅವುಗಳಿಗೆ, ಮಣ್ಣು ಮಾತ್ರ ನನಗೆ. ಈ ಬಗ್ಗೆ ನನಗೆ ಸ್ವಲ್ಪ ಅಸಮಾಧಾನ ಇದೆ, ಮುಚ್ಚಿಡುವುದಿಲ್ಲ.

ನಾನು ಹುಟ್ಟಿದ್ದು ಕಡಲಾಚೆಯ ಒಂದು ಕಾರ್ಖಾನೆಯಲ್ಲಿ. ಕಾದ ಉಕ್ಕನ್ನು ಅಚ್ಚಿಗೆ ಹೊಯ್ದು, ತಣಿಸಿ, ಮುಖವನ್ನು ಆಕಾಶದತ್ತ ಓರೆಯಾಗಿಸಿ, ಅದರ ಮೇಲೆ ಸಣ್ಣ ಗೀರುಗಳನ್ನು ಕೊರೆದರು. ಅಡಿಯಲ್ಲಿ ದುಂಡಗಿನ ಒಂದು ಉಬ್ಬು ಇಟ್ಟರು. ಮರಳಿಗೆ ಇಳಿದಾಗ ಹೂತುಹೋಗದೆ, ಜಾರಿಕೊಂಡು ಮೇಲೆ ಬರಲಿ ಎಂದು ಕೊಟ್ಟ ಉಬ್ಬು ಅದು. ನನ್ನ ಮೈಯಲ್ಲಿ ನನಗೆ ತುಂಬ ಹೆಮ್ಮೆಯಿದ್ದದ್ದು ಅದರ ಮೇಲೇ.

ಮೈಸೂರಿನ ಅಂಗಡಿಯೊಂದರ ಗಾಜಿನ ಹಿಂದೆ ಕೆಲವು ಕಾಲ ನಿಂತಿದ್ದೆ. ಅಲ್ಲಿಂದ ನನ್ನನ್ನು ಎತ್ತಿಕೊಂಡು ಹೋದವರು ಹಲ್ಲಿನ ಡಾಕ್ಟರು ಗುರುಮಲ್ಲಪ್ಪ. ಆರಡಿ ಆಳು, ಕ್ಲಬ್ಬಿನಲ್ಲಿ ಎಲ್ಲರಿಗಿಂತ ದೂರ ಹೊಡೆಯುವವರೆಂದು ಹೆಸರು. ಕೇಳಿದವರಿಗೂ ಕೇಳದವರಿಗೂ ಆಟ ಹೇಳಿಕೊಡುತ್ತಿದ್ದರು. ಊರಾಚೆಯ ಆ ಕ್ಲಬ್ಬಿನ ಪುಟ್ಟ ಮೈದಾನ ಬೇಸಿಗೆಯಲ್ಲಿ ಕಾದು ಸಿಮೆಂಟಿನಷ್ಟು ಗಟ್ಟಿಯಾಗುತ್ತಿತ್ತು. ಅಂಥ ನೆಲಕ್ಕೆ ನನ್ನ ಉಬ್ಬು ತಾಕಿದರೆ ಪುಟಿದು ಚೆಂಡಿನ ನೆತ್ತಿಗೆ ಹೊಡೆಯುತ್ತಿದ್ದೆ. ಚೆಂಡು ಕುಳಿಯ ಸುತ್ತಲಿನ ನುಣುಪು ಹುಲ್ಲನ್ನು, ಅಂದರೆ ಗ್ರೀನ್ ಅನ್ನು ದಾಟಿ, ಅದರಾಚೆಯ ಬೇಲಿಯನ್ನೂ ದಾಟಿ ಓಡುತ್ತಿತ್ತು. ಡಾಕ್ಟರು ನನ್ನನ್ನು ತಿರುಗಿಸಿ ತಿರುಗಿಸಿ ನೋಡಿ, ತಪ್ಪು ಈ ಉಬ್ಬಿನದೇ ಎಂದು ತೀರ್ಮಾನಿಸಿದರು.

ಬೇರೆಯವರಾಗಿದ್ದರೆ ನನ್ನನ್ನು ಅಂಗಡಿಗೆ ವಾಪಸು ಕೊಡುತ್ತಿದ್ದರು. ಇವರು ಹಲ್ಲಿನ ಡಾಕ್ಟರು. ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕಟ್ಟುಹಲ್ಲುಗಳನ್ನು ಉಜ್ಜಿ ನಯಮಾಡುವ ಸಾಣೆಯಂತ್ರವಿತ್ತು. ಒಂದು ಭಾನುವಾರ ನನ್ನನ್ನು ಅದರ ಮುಂದೆ ಹಿಡಿದರು. ಕಿಡಿ ಹಾರಿತು. ನನ್ನ ಹೆಮ್ಮೆಯ ಉಬ್ಬು ಪುಡಿಪುಡಿಯಾಗಿ ಕಟ್ಟುಹಲ್ಲುಗಳ ನಡುವೆ ಉದುರಿತು. ನೋವಾಯಿತೇ ಎಂದು ಕೇಳಬೇಡಿ. ಅವಮಾನವಂತೂ ಆಯಿತು. ಡಾಕ್ಟರು ಮಾತ್ರ ಬೆರಳಿನಿಂದ ಸವರಿ, ‘ಈಗ ಸರಿಹೋಯ್ತು’ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ಗಟ್ಟಿ ನೆಲದ ಮೇಲೆ ಸರಿಹೋಯಿತೆನ್ನುವುದು ನಿಜ. ಮರಳಿನಲ್ಲಿ ಮಾತ್ರ ಗುದ್ದಲಿಯಾದೆ. ಇಳಿದರೆ ಇಳಿದದ್ದೇ, ಮೇಲೆ ಬರುವ ಮಾತೇ ಇಲ್ಲ. ಸ್ವಲ್ಪ ದಿನಕ್ಕೆ ಡಾಕ್ಟರು ತಮಗೊಂದು ಹೊಸ ವೆಡ್ಜ್ ತಂದುಕೊಂಡು ನನ್ನನ್ನು ಹೆಂಡತಿಗೆ ದಾನ ಮಾಡಿದರು.

ದಾಕ್ಷಾಯಿಣಿಯವರು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಡಾಕ್ಟರ ಭುಜಕ್ಕೂ ಬರದ ಎತ್ತರ. ಮದುವೆಯಾದ ದಿನದಿಂದ ಅವರ ಭಾನುವಾರಗಳನ್ನೆಲ್ಲ ಈ ಆಟ ನುಂಗಿತ್ತು. ಗಂಡ ಕ್ಲಬ್ಬಿಗೆ, ತಾವು ಮನೆಯಲ್ಲಿ. ನಿವೃತ್ತರಾದ ಮೇಲೆ, ಇದೇನಿದೆ ನೋಡಿಯೇಬಿಡೋಣ ಎಂದು ತಾವೂ ಕಲಿತರು. ಕ್ಲಬ್ಬಿನಲ್ಲಿ ವರ್ಷಕ್ಕೊಮ್ಮೆ ಜೋಡಿ ಪಂದ್ಯ ನಡೆಯುತ್ತದೆ. ಒಂದು ಗಂಡು, ಒಂದು ಹೆಣ್ಣು, ಇಬ್ಬರಿಗೂ ಸೇರಿ ಒಂದೇ ಚೆಂಡು. ಒಂದು ಹೊಡೆತ ಅವರದಾದರೆ ಮುಂದಿನದು ಇವರದು. ಗಂಡ ಹೆಂಡತಿ ಇಬ್ಬರೂ ಸೇರಿ ಮಾಡುತ್ತಿದ್ದ ಕೆಲಸವೆಂದರೆ ಅದೊಂದೇ. ಆ ದಿನಕ್ಕೆಂದು ದಾಕ್ಷಾಯಿಣಿಯವರು ಹೊಸ ಟೋಪಿ ಕೊಳ್ಳುತ್ತಿದ್ದರು.

ಆ ವರ್ಷ ಕೊನೆಯ ಕುಳಿಯ ಹತ್ತಿರ ಡಾಕ್ಟರು ಹೊಡೆದ ಚೆಂಡು ಬಂಕರಿಗೆ ಬಿತ್ತು. ದಾಕ್ಷಾಯಿಣಿಯವರು ನನ್ನನ್ನು ಬೀಸಿದರು, ನಾನು ಹೂತುಹೋದೆ. ಚೆಂಡು ಅಲ್ಲೇ ಉರುಳಿ ಕೂತಿತು. ಡಾಕ್ಟರು ತಮ್ಮ ಹೊಸ ವೆಡ್ಜ್‌ನಿಂದ ಅದನ್ನು ಎತ್ತಿ ಆ ಕಡೆಯ ಬಂಕರಿಗೆ ಹಾಕಿದರು. ಅದು ಯಾರ ಲೆಕ್ಕಕ್ಕೂ ಬರಲಿಲ್ಲ. ದಾಕ್ಷಾಯಿಣಿಯವರು ಅಲ್ಲೂ ಹೋಗಿ ನನ್ನನ್ನು ಬೀಸಿದರು, ನಾನು ಅಲ್ಲೂ ಹೂತುಹೋದೆ. ಜೋಡಿ ಎಲ್ಲರಿಗಿಂತ ಹಿಂದೆ ಬಿತ್ತು.

ಮನೆಗೆ ಹೋಗುವಾಗ ಕಾರಿನ ಹಿಂದಿನ ಸೀಟಿನಲ್ಲಿ ನಾನೂ ಇದ್ದೆ.

"ಮುಂದಿನ ವರ್ಷ ನೀನು ಆರಾಮಾಗಿರು. ಜೋಡಿಗೆ ಸುನಂದಾ ಅವರನ್ನ ಕೇಳ್ತೀನಿ," ಎಂದರು ಡಾಕ್ಟರು. ಸುನಂದಾ ಕ್ಲಬ್ಬಿನ ಕಾರ್ಯದರ್ಶಿಯ ಹೆಂಡತಿ, ಒಳ್ಳೆಯ ಆಟಗಾರ್ತಿ.

ದಾಕ್ಷಾಯಿಣಿಯವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಬಂಕರಿನಲ್ಲಿ ಅವರ ಕೈ ನಡುಗಿದ್ದಿಲ್ಲ, ಕಣ್ಣು ತಪ್ಪಿದ್ದಿಲ್ಲ. ಕೆಟ್ಟಿದ್ದದ್ದು ನಾನು. ಅದನ್ನು ಹೇಳಲು ನನಗೆ ಬಾಯಿಲ್ಲ.

ಮರುವಾರವೇ ಅವರು ನನ್ನನ್ನು ಎತ್ತಿಕೊಂಡು ತರಬೇತಿ ಕೊಡುವ ಪೂಣಚ್ಚನ ಹತ್ತಿರ ಹೋದರು. ಪೂಣಚ್ಚ ಅವರ ಆಟಕ್ಕಿಂತ ಮೊದಲು ನನ್ನನ್ನು ನೋಡಿದ. ನನ್ನ ಅಡಿಗೆ ಒಂದು ಪಟ್ಟಿ ಅಂಟಿಸಿ, ನೆಲದ ಮೇಲೆ ಹಲಗೆ ಇಟ್ಟು, ಅದರ ಮೇಲಿನಿಂದ ಚೆಂಡು ಹೊಡೆಯಿಸಿದ. ಪಟ್ಟಿಯ ಮೇಲೆ ಗುರುತು ಬಿದ್ದದ್ದು ಒಂದೇ ಮೂಲೆಗೆ, ಕೋಲು ಬಂದು ಸೇರುವ ಹಿಮ್ಮಡಿಯ ಕಡೆಗೆ. ಕೋಲು ಉದ್ದವಾಯಿತು, ನಿಮ್ಮ ಎತ್ತರಕ್ಕೆ ಇದರ ಆಚೆ ತುದಿಯ ಮೂತಿ ಮೇಲೇಳುತ್ತಿದೆ ಎಂದು ತೋರಿಸಿದ. ಆಮೇಲೆ ಪಟ್ಟಿ ಕಿತ್ತು ನನ್ನ ಅಡಿಯನ್ನು ಬೆಳಕಿಗೆ ಹಿಡಿದ. ಹೆಂಡತಿಯನ್ನು ಕರೆದುಕೊಂಡು ಹೋಗಲು ಬಂದಿದ್ದ ಡಾಕ್ಟರು ಅಷ್ಟುಹೊತ್ತಿಗೆ ಹಿಂದೆ ಬಂದು ನಿಂತಿದ್ದರು.

"ಇದನ್ನ ಯಾರೋ ಸಾಣೆ ಹಿಡ್ದಿದಾರೆ ಮೇಡಂ. ಮರಳಲ್ಲಿ ಇದರಿಂದ ಚೆಂಡು ಎತ್ತೋದು ನನ್ನ ಕೈಲೂ ಕಷ್ಟ," ಎಂದ ಪೂಣಚ್ಚ.

ಡಾಕ್ಟರು ಕಿತ್ತಿಟ್ಟ ಪಟ್ಟಿಯನ್ನು ಕೈಗೆತ್ತಿಕೊಂಡರು. ಅವರಿಗೆ ಅಂಥ ಗುರುತಿನ ಪರಿಚಯ ಚೆನ್ನಾಗಿಯೇ ಇತ್ತು. ರೋಗಿಯ ಹಲ್ಲು ಉಜ್ಜುವ ಮೊದಲು ನೀಲಿ ಕಾಗದ ಕಚ್ಚಿಸಿ, ಎಲ್ಲಿ ತಾಕುತ್ತದೆ ಎಂದು ಗುರುತು ನೋಡುವುದು ಅವರ ದಿನನಿತ್ಯದ ಕೆಲಸ. ಕಾಗದ ಕಚ್ಚಿಸದೆ ಯಾರ ಹಲ್ಲನ್ನೂ ಮುಟ್ಟದ ಮನುಷ್ಯ ನನ್ನನ್ನು ಮಾತ್ರ ಕಣ್ಣಂದಾಜಿನಲ್ಲಿ ಉಜ್ಜಿ ಬಿಸಾಕಿದ್ದರು. ಅವರ ಕಿವಿ ಕೆಂಪಾಯಿತು.

"ನಾನೇ ಕಣಯ್ಯಾ," ಎಂದರು.

ದಾಕ್ಷಾಯಿಣಿಯವರು ಗಂಡನ ಮುಖ ನೋಡಿದರು. ಮೊದಲು ಸಿಟ್ಟು ಬಂತು, ಹಿಂದೆಯೇ ನಗು ಬಂತು. ನಗುವೇ ಗೆದ್ದಿತು.

ಹೋದ ಉಬ್ಬನ್ನು ಪೂರ್ತಿ ವಾಪಸು ತರುವಂತಿರಲಿಲ್ಲ. ಪೂಣಚ್ಚ ನನ್ನನ್ನು ಮೇಜಿನ ಮೇಲಿನ ಕಬ್ಬಿಣದ ಇಕ್ಕಳಕ್ಕೆ ಬಿಗಿದು, ಕತ್ತನ್ನು ಮೆಲ್ಲಗೆ ಬಗ್ಗಿಸಿದ. ಮುಖ ಇನ್ನಷ್ಟು ಆಕಾಶ ನೋಡಿತು, ಅಳಿದುಳಿದ ಉಬ್ಬು ಅಷ್ಟೇ ಕೆಳಗಿಳಿಯಿತು. ಮೇಲೇಳುತ್ತಿದ್ದ ಮೂತಿಯನ್ನೂ ತಗ್ಗಿಸಿದ. ಕೋಲನ್ನು ದಾಕ್ಷಾಯಿಣಿಯವರ ಎತ್ತರಕ್ಕೆ ಕತ್ತರಿಸಿ ಸಣ್ಣ ಹಿಡಿ ಹಾಕಿದ. ಆಮೇಲೆ ಪಾಠ. ಮರಳಿನಲ್ಲಿ ಗೆರೆ ಎಳೆದು, ಚೆಂಡನ್ನು ಮರೆತುಬಿಡಿ, ಈ ಗೆರೆಯ ಮರಳನ್ನು ಹೊರಗೆ ಎಸೆಯಿರಿ, ಚೆಂಡು ಅದರ ಜೊತೆಗೇ ಬರುತ್ತದೆ ಎಂದ. ನನ್ನ ಮುಖವನ್ನು ಇನ್ನಷ್ಟು ತೆರೆದು ಹಿಡಿಯಿಸಿದ. ಅರ್ಧಕ್ಕೆ ಕೈ ನಿಲ್ಲಿಸುವ ಅಭ್ಯಾಸ ಬಿಡಿಸಲು ಬಹಳ ದಿನ ಹಿಡಿಯಿತು. ದಾಕ್ಷಾಯಿಣಿಯವರು ಮಕ್ಕಳಿಗೆ ಲೆಕ್ಕ ಮಾಡಿಸಿದ ಹಾಗೆ ತಮಗೆ ತಾವೇ ಮತ್ತೆ ಮತ್ತೆ ಮಾಡಿಸಿಕೊಂಡರು. ಮೊದಲ ಸಲ ನಾನು ಮರಳಿನೊಳಗೆ ಜಾರಿ ಹೊರಗೆ ಬಂದಾಗ ಹುಟ್ಟಿದ್ದು ಸಾರ್ಥಕ ಅನ್ನಿಸಿತು.

ಸುನಂದಾ ಅವರನ್ನು ಡಾಕ್ಟರು ಕೇಳಲಿಲ್ಲ. ಕೇಳುವ ಮುಖವೂ ಇರಲಿಲ್ಲ. ಮುಂದಿನ ಪಂದ್ಯದಲ್ಲಿ ಗಂಡ ಹೆಂಡತಿ ಕೊನೆಯ ಕುಳಿಯ ತನಕ ಎಲ್ಲರಿಗೂ ಸರಿಸಮ ಬಂದರು. ಅಲ್ಲಿ ಡಾಕ್ಟರ ಚೆಂಡು ಮತ್ತೆ ಬಂಕರಿಗೆ ಬಿತ್ತು. ದಾಕ್ಷಾಯಿಣಿಯವರು ಇಳಿದರು, ಕಾಲೂರಿದರು, ನನ್ನ ಮುಖ ತೆರೆದರು, ಬೀಸಿದರು. ಮರಳು ಹಾರಿತು, ಚೆಂಡು ಮೆತ್ತಗೆ ಗ್ರೀನ್ ಮೇಲೆ ಬಿದ್ದು ಕುಳಿಯ ಪಕ್ಕದಲ್ಲೇ ನಿಂತಿತು. ಕ್ಲಬ್ಬಿನ ಜಗಲಿಯಿಂದ ಚಪ್ಪಾಳೆ ಬಂತು. ಅದರಲ್ಲಿ ನನ್ನ ಪಾಲೂ ಇತ್ತೆಂದು ಧೈರ್ಯವಾಗಿ ಹೇಳುತ್ತೇನೆ.

ಇನ್ನು ಡಾಕ್ಟರು ಸುಮ್ಮನೆ ತಳ್ಳಿದರೆ ಸಾಕಿತ್ತು. ತಳ್ಳಿದರು. ಚೆಂಡು ಕುಳಿಯ ಅಂಚನ್ನು ಸವರಿಕೊಂಡು ಆಚೆ ಹೋಯಿತು. ಗೆಲ್ಲಬೇಕಿದ್ದ ಕಪ್ಪೂ ಅದರ ಜೊತೆಗೇ ಹೋಯಿತು.

ಕಾರಿನಲ್ಲಿ ಡಾಕ್ಟರು ಬೈಗುಳಕ್ಕಾಗಿ ಕಾದರು. ದಾಕ್ಷಾಯಿಣಿಯವರು ಟೋಪಿಯನ್ನು ತೆಗೆಯದೆ ಕೂತಿದ್ದರು.

"ಹೋಗ್ಲಿ ಬಿಡಿ. ಮುಂದಿನ ವರ್ಷ ನೋಡೋಣ," ಎಂದರು.

"ನನ್ ಜೊತೆನೇ ತಾನೆ?"

"ನೋಡೋಣ ಅಂದ್ನಲ್ಲ."

ಅದೆಲ್ಲ ಆಗಿ ಬಹಳ ಕಾಲವಾಯಿತು. ಈಗ ನನ್ನ ಮುಖದ ಗೀರುಗಳು ಸವೆದಿವೆ. ದಾಕ್ಷಾಯಿಣಿಯವರ ಪಂದ್ಯಕ್ಕೆ ಹೊಸ ವೆಡ್ಜ್ ಬಂದಿದೆ, ಅಳತೆ ಮಾಡಿಸಿಯೇ ತಂದದ್ದು. ಅಳತೆಯ ದಿನ ಅಡಿಗೆ ಪಟ್ಟಿ ಅಂಟಿಸಿದವರು ಸ್ವತಃ ಡಾಕ್ಟರು. ನಾನು ಅಭ್ಯಾಸದ ಬಂಕರಿನ ಪಕ್ಕದ ಗೋಡೆಗೆ ಒರಗಿರುತ್ತೇನೆ. ಹೊಸದಾಗಿ ಕಲಿಯಲು ಬರುವ ಹೆಂಗಸರಿಗೆ ದಾಕ್ಷಾಯಿಣಿಯವರು ನನ್ನನ್ನೇ ಕೊಟ್ಟು ಪಾಠ ಹೇಳುತ್ತಾರೆ. ಹುಟ್ಟುವಾಗಿನ ಆಕಾರ ನನ್ನಲ್ಲಿ ಈಗ ಅಷ್ಟಾಗಿ ಇಲ್ಲ, ಅದಕ್ಕೆ ಬೇಸರವೂ ಇಲ್ಲ. ಒಬ್ಬರ ಕೈಗೆ ಸರಿಯಾಗಿ ಹೊಂದಿದೆನಲ್ಲ, ಅದು ಎಲ್ಲ ಕೋಲುಗಳ ಹಣೆಯಲ್ಲೂ ಬರೆದಿರುವುದಿಲ್ಲ.

ಹೆಂಗಸರೆಲ್ಲ ಹೋದ ಮೇಲೆ ಶಿಷ್ಯರೊಬ್ಬರು ಉಳಿಯುತ್ತಾರೆ. ಬಂಕರಿನಿಂದ ಚೆಂಡು ಎತ್ತುವುದು ಡಾಕ್ಟರಿಗೆ ಇಂದಿಗೂ ಬಂದಿಲ್ಲ. ಮೊದಲು ಇದರಲ್ಲಿ ಕಲಿಯಿರಿ ಎಂದು ದಾಕ್ಷಾಯಿಣಿಯವರು ನನ್ನನ್ನು ಅವರ ಕೈಗಿಡುತ್ತಾರೆ. ನಾನಿರುವುದು ಆಕೆಯ ಎತ್ತರಕ್ಕೆ, ಡಾಕ್ಟರು ನೆಟ್ಟಗೆ ನಿಂತರೆ ನಾನು ಮರಳಿಗೆ ಎಟುಕುವುದಿಲ್ಲ.

"ಇನ್ನೂ ಸ್ವಲ್ಪ ಬಗ್ಗಿ," ಅನ್ನುತ್ತಾರೆ ದಾಕ್ಷಾಯಿಣಿಯವರು.

ಡಾಕ್ಟರು ಬಗ್ಗುತ್ತಾರೆ.