ವಿಲ್ಮಾ ಕಾಯ್ದ ಗಂಟು

ಎರಡು ಡಾಲರ್ ಪಣದ ಇಸ್ಪೀಟ್ ಟೇಬಲ್ಲಿನಿಂದ ನನ್ನನ್ನು ಎಬ್ಬಿಸಿ ಓಡಿಸಿದವಳು ವಿಲ್ಮಾ ಪ್ರೂಯಿಟ್. ಅದಕ್ಕಿಂತ ಹೆಚ್ಚಾಗಿ, ಆಮೇಲೆ ಅವಳು ಮಾಡಿದ್ದನ್ನು ನಾನು ಮರೆಯಲಾರೆ.

ಯಜಮಾನರು ತೀರಿಕೊಂಡ ಮೇಲೆ ನಮ್ಮ ಹೂಗಿಡಗಳ ನರ್ಸರಿಯನ್ನು ಮಗ ವಹಿಸಿಕೊಂಡ. ಮಧ್ಯಾಹ್ನದ ಹೊತ್ತು ಮನೆ ಬಿಕೋ ಎನ್ನುತ್ತಿತ್ತು. ನಮ್ಮೂರು ಗಾರ್ಡೀನಾದ ಎಷ್ಟೋ ಹೆಂಗಸರಂತೆ ನಾನೂ ಇಸ್ಪೀಟ್ ಕ್ಲಬ್ಬಿನ ದಾರಿ ಹಿಡಿದೆ. ಐದೈದು ಎಲೆ ಹಂಚಿಕೊಂಡು, ಬೇಡದ್ದನ್ನು ಬಿಟ್ಟು ಬೇರೆ ಎಳೆದುಕೊಳ್ಳುವ ಪೋಕರ್. ಎಲೆ ಕಲಸುವವರೂ ನಾವೇ, ಹಂಚುವವರೂ ನಾವೇ. ಅರ್ಧ ಗಂಟೆಗೊಮ್ಮೆ ಕುರ್ಚಿಯ ಬಾಡಿಗೆ ಕೊಟ್ಟರಾಯಿತು.

ವಿಲ್ಮಾ ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು. ಮಕ್ಕಳನ್ನು ಗದರಿದ ಗಂಟಲು ಇನ್ನೂ ಹಾಗೇ ಇತ್ತು. ಮೊದಲ ವಾರವೇ ನನ್ನನ್ನು ತರಾಟೆಗೆ ತೆಗೆದುಕೊಂಡಳು.

"ಹಿಸಾಕೊ, ಮನೆ ಖರ್ಚಿನ ದುಡ್ಡಲ್ಲಿ ಆಡ್ತಿದೀಯಾ?"

"ಇನ್ನೆಲ್ಲಿಂದ ತರ್ಲಿ?"

"ಅಕ್ಕಿ ತರೋ ದುಡ್ಡು ಇಟ್ಕೊಂಡು ಕೂತ್ರೆ ಕೈ ನಡುಗತ್ತೆ. ಒಳ್ಳೇ ಎಲೇನೂ ಬಿಸಾಕ್ತೀಯ. ಆಟದ ಗಂಟೇ ಬೇರೆ ಇಡು. ಗೆದ್ದಿದ್ದು ಅದಕ್ಕೇ ಸೇರ್ಲಿ. ತಿಂಗಳುಗಟ್ಲೆ ಸೋತ್ರೂ ಬರಿದಾಗ್ಬಾರ್ದು, ಅಷ್ಟು ದಪ್ಪ ಆಗೋವರ್ಗೂ ಐದು ಡಾಲರ್ ಟೇಬಲ್ ಕಡೆ ತಲೆ ಹಾಕ್ಬೇಡ."

ಹೇಳುವುದೇನೋ ಹೇಳಿದಳು, ಅವಳಿಗೇ ಅದು ಆಗುತ್ತಿರಲಿಲ್ಲ. ಕೈಯಲ್ಲಿ ಏನಿಲ್ಲದಿದ್ದರೂ ಕೊನೆಯವರೆಗೂ ಬೆನ್ನು ಹತ್ತುವಳು, ಸೋತು ನಗುವಳು. ನನ್ನ ಗಂಟು ಮಾತ್ರ ನಿಧಾನವಾಗಿ ಬೆಳೆಯಿತು. ಒಂದು ಮಧ್ಯಾಹ್ನ ಅವಳ ಮುಂದಿದ್ದ ಪಣದ ಕೊನೆಯ ಬಿಲ್ಲೆಗಳನ್ನೂ ನಾನೇ ಎಳೆದುಕೊಂಡಾಗ ಅವಳಿಗೆ ರೇಗಿತು.

"ಎದ್ದೇಳೇ! ನಮ್ಮ ದುಡ್ಡು ತಿಂದು ತಿಂದು ದುಂಡಗಾಗಿದೀಯ. ಇನ್ನು ಆ ಟೇಬಲ್‌ನೋರದ್ದು ತಿನ್ನು ಹೋಗು."

"ಭಯ ಆಗತ್ತೆ ಕಣೆ."

"ಆಗ್ಲಿ. ಗಂಟು ದಪ್ಪ ಆಗಿದೆ ತಾನೆ? ಕಾಲುಭಾಗ ತಗೊಂಡು ಹೋಗು, ಉಳಿದಿದ್ದು ನನ್ನ ಕೈಲಿ ಕೊಡು. ಆ ಕಾಲುಭಾಗ ಹೋಯ್ತೋ, ವಾಪಸ್ ಇಲ್ಲಿಗೇ."

ಮುಕ್ಕಾಲು ಭಾಗವನ್ನು ಲಕೋಟೆಯಲ್ಲಿ ಹಾಕಿ ಅಂಟಿಸಿ ಅವಳ ಕೈಗೆ ಕೊಟ್ಟು ಹೋದೆ. ಐದು ಡಾಲರಿನ ಟೇಬಲ್ಲಿನಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಮೂರು ರಾಣಿಯರು ಕೈಗೆ ಬಂದಾಗ, ಎದುರಿನ ತೆಳ್ಳನೆಯ ಮನುಷ್ಯ ಒಂದೇ ಎಲೆ ಎಳೆದು ಪಣ ಏರಿಸಿದ. ನಾನು ಬಿಡಲಿಲ್ಲ. ಅವನು ತೋರಿಸಿದ್ದು ಐದೂ ಒಂದೇ ಜಾತಿಯ ಎಲೆಗಳು, ನನ್ನ ರಾಣಿಯರಿಗಿಂತ ಮೇಲು. ಆಮೇಲೆ ಉಳಿದ ಬಿಲ್ಲೆಗಳೂ ಹೋಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

ಮುಖ ಕೆಂಪಗೆ ಮಾಡಿಕೊಂಡು ವಿಲ್ಮಾಳ ಹತ್ತಿರ ಬಂದೆ. "ಉಳಿದಿದ್ದು ಕೊಡು. ಅವನ ಆಟ ನಂಗೀಗ ಗೊತ್ತಾಯ್ತು."

"ಕೊಡಲ್ಲ."

"ನನ್ನ ದುಡ್ಡು ಕಣೆ ಅದು!"

"ನಿಂದೇ. ಆದ್ರೆ ನಂಗೆ ಕೊಟ್ಟೋಳು ತಲೆ ನೆಟ್ಟಗಿದ್ದ ಹಿಸಾಕೊ. ಅವಳು ಬಂದು ಕೇಳ್ಲಿ, ಕೊಡ್ತೀನಿ." ಹಾಗೆಂದವಳೇ ಲಕೋಟೆಯಿದ್ದ ಕೈಚೀಲವನ್ನು ಕುರ್ಚಿಯ ಮೇಲಿಟ್ಟು, ಅದರ ಮೇಲೆ ಕೂತುಬಿಟ್ಟಳು.

ಹಡಗುಕಟ್ಟೆಯಲ್ಲಿ ದುಡಿದು ಬಂದಿದ್ದ ಮುದುಕ ಗ್ರೇಡಿ ಎಲೆ ಕಲಸುತ್ತಾ, "ಬನ್ನಿ ಮಹಾರಾಣಿ, ಬಡವರ ಮನೆಗೆ! ನಿಮ್ಮ ಕುರ್ಚಿ ಇನ್ನೂ ಬೆಚ್ಚಗಿದೆ" ಎಂದ. ಟೇಬಲ್ಲಿಗೆ ಟೇಬಲ್ಲೇ ನಕ್ಕಿತು. ನನಗೆ ಅಳು ಬರುವಂತಾಗಿತ್ತು. ಆದರೆ ವಿಲ್ಮಾ ತರಿಸಿದ ಸೇಬಿನ ಪೈ ಅರ್ಧ ಮುಗಿಸುವಷ್ಟರಲ್ಲಿ ನಾನೂ ನಗುತ್ತಿದ್ದೆ.

ಆ ದಿನ ನಾನು ಹೊರಟ ಮೇಲೆ ಅವಳೂ ಸೋತಳೆಂದು ಗ್ರೇಡಿ ಆಮೇಲೆ ಹೇಳಿದ. ಆಟ ಮುಂದುವರಿಸಲು ಕಾಸಿಲ್ಲದೆ ಬೇಗ ಎದ್ದುಹೋದಳಂತೆ, ನನ್ನ ದಪ್ಪ ಲಕೋಟೆಯನ್ನು ಕಂಕುಳಲ್ಲಿ ಇರುಕಿಕೊಂಡು. ಮರುದಿನ ಬೆಳಿಗ್ಗೆ ನರ್ಸರಿಗೇ ಬಂದು, ಅಂಟಿಸಿದ್ದು ಬಿಚ್ಚದಂತೆ ಅದನ್ನು ನನ್ನ ಕೈಗಿಟ್ಟಳು. ಕೃತಜ್ಞತೆಯ ಮಾತು ಅವಳಿಗೆ ಬೇಕಿರಲಿಲ್ಲ. ಅಜೇಲಿಯಾ ಗಿಡಗಳ ಬೆಲೆ ವಿಚಾರಿಸುತ್ತಾ, ದುಬಾರಿಯೆಂದು ಬೈಯುತ್ತಾ ಹೋದಳು.

ಚಳಿಗಾಲವೆಲ್ಲ ಎರಡು ಡಾಲರಿನಲ್ಲೇ ಆಡಿ ಗಂಟನ್ನು ಮತ್ತೆ ಕಟ್ಟಿದೆ. ವಸಂತದಲ್ಲಿ ಮತ್ತೆ ಐದು ಡಾಲರಿನ ಟೇಬಲ್ಲಿಗೆ ಹೋದೆ. ಈ ಸಲ ಸೋತ ದಿನವೂ ಊಟ ರುಚಿಸುತ್ತಿತ್ತು. ಅಲ್ಲೇ ನೆಲೆಯಾದೆ. ಅಲ್ಲಿ ಆಡಲು ವಿಲ್ಮಾಳಿಗೂ ಬಂಡವಾಳ ಹಾಕುತ್ತೇನೆಂದರೆ ಬೇಡವೆಂದು ತಲೆಯಾಡಿಸಿದಳು. "ಅಲ್ಲಿ ಹರಟೆ ಎಲ್ಲಿದೆ? ಹೆಣ ಕಾಯೋ ಥರ ಕೂತಿರ್ತೀರ. ನಂಗೆ ನನ್ನ ಟೇಬಲ್ಲೇ ಸ್ವರ್ಗ."

ಮಗಳ ಮನೆಯಲ್ಲೇ ಇರಲೆಂದು ಫ್ರೆಸ್ನೋ ಊರಿಗೆ ಹೊರಡುವ ಮುನ್ನ ಒಂದು ಮಧ್ಯಾಹ್ನ ಅವಳು ನನ್ನ ಎದುರಿನ ಖಾಲಿ ಕುರ್ಚಿಗೆ ಬಂದು ಧೊಪ್ಪನೆ ಕೂತಳು. "ಇದೊಂದು ನೋಡೇ ಹೋಗೋಣ ಅಂತ" ಎಂದು ಇದ್ದುದನ್ನೆಲ್ಲ ಮುಂದಿಟ್ಟಳು. ನನ್ನ ಬಳಿ ಎರಡು ಜೋಡಿ, ಒಂದು ರಾಜರದು. ಪ್ರಾಮಾಣಿಕವಾಗಿಯೇ ಆಡಿದೆ. ಅವಳು ಅದನ್ನು ಮೀರಿಸುವ ಮೂರು ಏಳು ಬಿಡಿಸಿಟ್ಟು, ಬಿಲ್ಲೆಗಳನ್ನು ಎರಡೂ ಕೈಯಿಂದ ಬಾಚಿಕೊಂಡಳು. ಮೌನದ ಆ ಟೇಬಲ್ಲಿನಲ್ಲಿ ಅವಳ ನಗು ಬಾಗಿಲವರೆಗೂ ಕೇಳಿಸಿತು. ತೆಳ್ಳನೆಯ ಮನುಷ್ಯನೂ ನಕ್ಕುಬಿಟ್ಟ.

ಅಷ್ಟು ಸಂತೋಷದಿಂದ ನಾನು ಯಾವತ್ತೂ ಸೋತಿರಲಿಲ್ಲ.