ಅಮ್ಮನ ಏಪ್ರನ್ನಿನ ಕೋಳಿಗಳು

ನಾನು ಕೌದಿ ಹೊಲಿಯುತ್ತಿದ್ದಾಗ ನೆಬ್ರಾಸ್ಕಾದ ಸುಂಟರಗಾಳಿಯೊಂದು ನಮ್ಮ ಶೆಡ್ಡಿನ ಬಾಗಿಲವರೆಗೆ ಬಂದು, ಎಲ್ಲಿ ನನ್ನ ದಾರ ಕಡಿದೀತೋ ಎಂದು ಹೆದರಿ, ಹೊರಗೇ ನಿಂತು ಕಾದಿತ್ತು. ಕೊನೆಯ ಸಾಲು ಮುಗಿದ ಮೇಲೆಯೇ ಅದು ಪಕ್ಕದ ಊರಿಗೆ ಹೋಗಿ ಎರಡು ಕೊಟ್ಟಿಗೆ ಹಾರಿಸಿದ್ದು. ನಂಬದವರು ಹೋಗಿ ನೋಡಬಹುದು. ಆ ಕೊಟ್ಟಿಗೆಗಳು ಈಗಲೂ ಅಲ್ಲಿಲ್ಲ.

ನನ್ನದು ಕೌದಿ ಹೊಲಿಯುವ ಲಾಂಗ್‌ಆರ್ಮ್ ಯಂತ್ರ. ಹನ್ನೆರಡಡಿ ಉದ್ದದ ಮೇಜು, ಎರಡು ಉರುಳೆಗಳ ನಡುವೆ ಬಿಗಿದ ಬಟ್ಟೆ. ಬಟ್ಟೆ ಕದಲುವುದಿಲ್ಲ, ಹಿಡಿಕೆ ಹಿಡಿದು ಯಂತ್ರವನ್ನೇ ಅದರ ಮೇಲೆ ಓಡಿಸಬೇಕು. ನಲವತ್ತು ವರ್ಷ ಜೋಳದ ಕಟಾವು ಯಂತ್ರಗಳನ್ನು ರಿಪೇರಿ ಮಾಡಿದ ಡೆಲ್ಮರನಿಗೆ, ಅಂದರೆ ನನಗೆ, ಅದೇನು ಮಹಾ? ತಿಂಗಳ ಮೊದಲ ಮಂಗಳವಾರ ಚರ್ಚಿನ ನೆಲಮಾಳಿಗೆಯಲ್ಲಿ ಸೇರುವ ಕೌದಿ ಸಂಘದಲ್ಲಿ ನಾನೊಬ್ಬನೇ ಗಂಡಸು. ಶಾಲಾ ಬಸ್ಸು ಓಡಿಸಿ ನಿವೃತ್ತಳಾದ ಬರ್ನಿಟಾ ನನಗೆ ಪಾಠ ಶುರುಮಾಡಿದ್ದು ಬೆಳಗ್ಗೆ. ಮಧ್ಯಾಹ್ನದ ಹೊತ್ತಿಗೆ ನಾನೇ ಅವಳಿಗೆ ಹೇಳಿಕೊಡುತ್ತಿದ್ದೆ.

ಈ ಮಾತನ್ನು ಪೂರ್ತಿ ನಂಬಿದವಳು ನಮ್ಮ ಆರ್ಡಿತಕ್ಕ ಒಬ್ಬಳೇ. ಅವಳಿಗೆ ಎಂಬತ್ತನಾಲ್ಕು, ಕಣ್ಣು ಮಂಜು. ನಾನು ಆರು ವರ್ಷದವನಿದ್ದಾಗ ಅಮ್ಮ ತೀರಿಕೊಂಡಳು. ಆಗ ಹತ್ತೊಂಬತ್ತರ ಅಕ್ಕ ನನ್ನನ್ನು ಸಾಕಿದಳು.

ಆ ಕಾಲದಲ್ಲಿ ಕೋಳಿಮೇವು ಹೂವು ಬಳ್ಳಿ ಅಚ್ಚುಹಾಕಿದ ಬಟ್ಟೆಯ ಮೂಟೆಯಲ್ಲಿ ಬರುತ್ತಿತ್ತು. ಮೇವು ಕೋಳಿಗೆ, ಮೂಟೆ ಅಮ್ಮನಿಗೆ. ಒಂದೇ ಚಿತ್ರದ ಮೂರು ಮೂಟೆ ಸಿಕ್ಕರೆ ಒಂದು ಗೌನು. ಅವಳಿಗೆ ಬೇಕಾದ ಚಿತ್ರ ಯಾವಾಗಲೂ ರಾಶಿಯ ತಳದಲ್ಲೇ ಇರುತ್ತಿತ್ತು. ಅಪ್ಪ ನಾನೂರು ಮೂಟೆ ಎತ್ತಿಳಿಸಿ ಅದನ್ನು ಎಳೆದು ಕೊಡುತ್ತಿದ್ದ. ಅಮ್ಮ ಹೋದ ಮೇಲೆ ಅಕ್ಕ ಆ ಗೌನು, ಪರದೆ, ಏಪ್ರನ್ನುಗಳನ್ನೆಲ್ಲ ಕತ್ತರಿಸಿ ಕೌದಿಯ ಮೇಲ್ಭಾಗ ಜೋಡಿಸಿದಳು. ಹತ್ತಿ, ಅಸ್ತರು ಸೇರಿಸಿ ಹೊಲಿಯಲು ಪುರುಸೊತ್ತು ಸಿಗಲಿಲ್ಲ. ನನ್ನನ್ನು ಸಾಕುವುದೇನು ಸಣ್ಣ ಕೆಲಸವೇ? ಅರವತ್ತೈದು ವರ್ಷ ಅದು ದೇವದಾರು ಪೆಟ್ಟಿಗೆಯಲ್ಲಿತ್ತು.

"ಈ ಚಳಿಗಾಲಕ್ಕೆ ಹೊದ್ಕೋಬೇಕು ಕಣೋ," ಅಂದಳು ಅಕ್ಕ, ಅದನ್ನು ತೆಗೆದು ನನ್ನ ಕೈಗಿಟ್ಟು. "ಕಣ್ಣು ಹೋದ್ರೂ ಬೆರಳಿಗೆ ಗೊತ್ತಾಗುತ್ತೆ, ಅಮ್ಮನ ಯಾವ ಬಟ್ಟೆ ಅಂತ."

ಇನ್ನೊಂದು ವರ್ಷ ಹಳೇ ಹಾಸಿಗೆ ಬಟ್ಟೆಯ ಮೇಲೆ ಇವನು ಕೈ ಪಳಗಿಸಲಿ, ಇದು ಹಾಳಾದರೆ ಮತ್ತೆ ಹುಟ್ಟುವ ಬಟ್ಟೆಯಲ್ಲ ಎಂದು ಬರ್ನಿಟಾ ತಡೆದಳು. ಅಕ್ಕ ಅವಳ ಬಾಯಿ ಮುಚ್ಚಿಸಿದಳು. "ಬರುತ್ತೆ ಅಂದಿದಾನಲ್ಲ ಡೆಲ್ಮರ್. ಬರುತ್ತೆ."

ಬರ್ನಿಟಾ ನನಗೆ ಒಂದೇ ಮಾತು ಹೇಳಿ ಹೋದಳು: ಮೊದಲ ಸಾಲು ಮುಗಿದ ಕೂಡಲೇ ಬಗ್ಗಿ ತಳಭಾಗ ನೋಡು. ನಾನು ಸಿಳ್ಳೆ ಹಾಕುತ್ತ ಯಂತ್ರ ಓಡಿಸಿದೆ. ಬಗ್ಗುವುದೆಲ್ಲ ಕಲಿಯುವವರ ಪಾಡು.

ಅಕ್ಟೋಬರಿನ ಸಭೆಯಲ್ಲಿ ಇಬ್ಬರು ಹೆಂಗಸರು ಕೌದಿಯ ಎರಡು ಮೂಲೆ ಹಿಡಿದು ಎತ್ತಿದರು. ಅಷ್ಟು ಚಪ್ಪಾಳೆಗೆ ಚರ್ಚಿನ ಗಂಟೆ ತಾನಾಗಿ ಮೊಳಗಿತು. ಆಮೇಲೆ, ಇವರ ರೂಢಿಯಂತೆ, ಹಿಂದೆ ತಿರುಗಿಸಿ ಎಂದರು. ಹಿಂಭಾಗವೂ ನಿಂತ ಕೊಳದ ಹಾಗೆ ನಯವಾಗಿತ್ತು. ಬರ್ನಿಟಾ ಮಾತ್ರ ಕನ್ನಡಕ ಏರಿಸಿ ಹತ್ತಿರದಿಂದ ನೋಡಿ, ತಿಂಡಿಮೇಜಿನ ರೂಬಾರ್ಬ್ ಪೈ ಕಡೆ ನಡೆದಳು. ಸುಂಟರಗಾಳಿಯ ಕತೆಯನ್ನು ನಾನು ಹೇಳಿದ್ದು ಆಗಲೇ.

ಅಕ್ಕ ಕೌದಿಯನ್ನು ಮಡಿಲಿಗೆ ಹಾಕಿಸಿಕೊಂಡು ಬೆರಳಾಡಿಸುತ್ತ ಗುರುತು ಹೇಳತೊಡಗಿದಳು. ಇದು ಅಮ್ಮನ ಭಾನುವಾರದ ಗೌನು. ಇದು ಚಿಕ್ಕವನಿದ್ದಾಗ ನಾನು ಮಸಿ ಚೆಲ್ಲಿದ ಪರದೆ. ಇದು ಅವಳ ಕೊನೆಯ ಬೇಸಿಗೆಯದು. ಬೆರಳು ಕೋಳಿಚಿತ್ರದ ತೇಪೆಗೆ ಬಂತು. ಅದು ಅಮ್ಮನ ಏಪ್ರನ್ನು. ಅಮ್ಮನ ಬಗ್ಗೆ ನನಗೆ ನೆನಪಿರುವುದು ಇಷ್ಟೇ: ಅವಳು ಕೋಳಿಗಳಿಗೆ ಕಾಳು ಎರಚುವಾಗ ಆ ಏಪ್ರನ್ನಿನ ಜೇಬು ಹಿಡಿದು ನಾನು ಹಿಂದೆ ಹಿಂದೆ ನಡೆಯುತ್ತಿದ್ದೆ. ಅವಳ ಮುಖ ನೆನಪಿಲ್ಲ.

ಬೆರಳು ಅಲ್ಲೇ ನಿಂತಿತು. ಹಿಂದಕ್ಕೆ ಹೋಯಿತು, ಮತ್ತೆ ಬಂತು.

"ಇಲ್ಲಿ ರಫು ಇತ್ತಲ್ಲೋ. ಮುಳ್ಳುತಂತಿಗೆ ಸಿಕ್ಕಿ ಹರಿದಿತ್ತು, ಅಮ್ಮ ನನ್ನೆದುರೇ ಹಾಕಿದ್ದು."

ಯಂತ್ರದ ಭಾರಕ್ಕೆ ಚಪ್ಪಟೆಯಾಗಿರಬೇಕು ಅಂದೆ. ಗಾಳಿ ಒಯ್ದಿರಬಹುದು ಅಂತಲೂ ಸೇರಿಸಿದೆ. ಯಾರೂ ನಗಲಿಲ್ಲ.

"ಇದು ಪಾಲಿಯೆಸ್ಟರ್ ಡೆಲ್ಮರ್," ಅಂದಳು ಅಕ್ಕ, ಮೆಲ್ಲಗೆ. "ಅಮ್ಮ ಪಾಲಿಯೆಸ್ಟರ್ ಕಂಡವಳೇ ಅಲ್ಲ."

ನಾನು ಏನೇ ಹೇಳಿದ್ದರೂ ಅಕ್ಕ ನಂಬುತ್ತಿದ್ದಳು. ಅದಕ್ಕೇ ಇನ್ನೊಂದು ಸುಳ್ಳು ಹೇಳಲಾಗಲಿಲ್ಲ.

ಸುಂಟರಗಾಳಿ ಬಂದಿರಲಿಲ್ಲ. ಯಂತ್ರ ಕಲಿಯಲು ಹದಿನಾಲ್ಕು ತಿಂಗಳು ಹಿಡಿಯಿತು. ಕೊನೆಯ ಸಾಲು ಮುಗಿಸಿ ಬಟ್ಟೆ ಬಿಚ್ಚಿದರೆ ತಳಭಾಗದಲ್ಲಿ ದಾರವೆಲ್ಲ ಸಡಿಲವಾಗಿ, ಉಣ್ಣೆ ಕತ್ತರಿಸದ ಕುರಿಯ ಹಾಗೆ ಜೋಲುತ್ತಿತ್ತು. ಮೂರು ವಾರ ಕೂತು ಒಂದೊಂದೇ ಹೊಲಿಗೆ ಬಿಚ್ಚಿದೆ. ಉಳಿದ ಬಟ್ಟೆಗಳೆಲ್ಲ ತಡೆದುಕೊಂಡವು. ಕೋಳಿಗಳದ್ದು ಮಾತ್ರ ಬಿಚ್ಚುವ ಕೊಕ್ಕೆಗೆ ಸಿಕ್ಕಿ ರಫಿನ ಪಕ್ಕದಲ್ಲೇ ಸೀಳಿತು. ಅಂಗಡಿಯಲ್ಲಿ ಕೋಳಿಚಿತ್ರದ ಮೇಜುಬಟ್ಟೆಯೊಂದು ಸಿಕ್ಕಿತು. ಅದನ್ನು ಕತ್ತರಿಸಿ ಆ ಜಾಗಕ್ಕೆ ಕೂರಿಸಿ ಮತ್ತೆ ಹೊಲಿದೆ. ಇಷ್ಟನ್ನೂ ಎಲ್ಲರೆದುರು ಹೇಳಿದೆ.

"ಹರಿದಿದ್ದು ಎಲ್ಲಿ?" ಅಂದಳು ಅಕ್ಕ.

ಅದು ನನ್ನ ಅಂಗಿಯ ಜೇಬಿನಲ್ಲಿತ್ತು. ಹರಿದಾಗಿನಿಂದಲೂ ಅಲ್ಲೇ. ತೆಗೆದು ಅವಳ ಅಂಗೈಯಲ್ಲಿಟ್ಟೆ. ಅವಳು ರಫನ್ನು ಹುಡುಕಿ, ಅದರ ಮೇಲೆ ಹೆಬ್ಬೆರಳಾಡಿಸಿದಳು. ಆಮೇಲೆ ಬರ್ನಿಟಾ ಕಡೆಗೆ ಕೈ ಚಾಚಿ ಸೂಜಿದಾರ ಕೇಳಿದಳು.

"ತಗೋ. ಮೇಜುಬಟ್ಟೆ ಮೇಲೇ ಇದನ್ನಿಟ್ಟು ಕೈಯಲ್ಲಿ ಹೊಲಿ. ಸೀಳು ಕಂಡ್ರೆ ಕಾಣ್ಲಿ."

ಸಂಘದ ಇಪ್ಪತ್ತೆರಡು ಹೆಂಗಸರು ನನ್ನನ್ನೇ ನೋಡುತ್ತಿದ್ದರು. ಸೂಜಿ ಹಿಡಿದು ನಿಂತ ನನ್ನಲ್ಲಿ ಹೇಳದೆ ಉಳಿದಿದ್ದ ನಿಜ ಇನ್ನೊಂದೇ.

"ಕೈಹೊಲಿಗೆ ನಂಗೆ ಬರಲ್ಲ ಅಕ್ಕ. ಈ ಅಂಗಿ ಗುಂಡಿನೂ ನೀನೇ ಹಾಕಿದ್ದು."